ಇನ್ಕ್ಯುಬೇಟರ್ ಇಲ್ಲದೆ ಮನೆಯಲ್ಲೇ ಕೋಳಿಮರಿ ಮಾಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತಿಪ್ಪತ್ತು ಮೊಟ್ಟೆ ಇದೆ, ಮೆಷಿನ್‌ಗೆ ಸಾವಿರಾರು ರೂಪಾಯಿ ಹಾಕುವ ಮನಸ್ಸಿಲ್ಲ, ಆದರೂ ಮರಿ ಮಾಡಿಸಬೇಕು ಎನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಥರ್ಮಾಕೋಲ್ ಪೆಟ್ಟಿಗೆ ಮತ್ತು ಬಲ್ಬ್ ಇಟ್ಟುಕೊಂಡು ಚೆನ್ನಾಗಿಯೇ ಮರಿ ಮಾಡಿಸಬಹುದು. ಆದರೆ ಪೆಟ್ಟಿಗೆ ಮಾಡುವುದು ಅರ್ಧ ದಿನದ ಕೆಲಸ, ಅದನ್ನು 21 ದಿನ ಒಂದೇ ಹದದಲ್ಲಿ ಇಡುವುದೇ ನಿಜವಾದ ಕೆಲಸ. ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಪೆಟ್ಟಿಗೆಯ ಬಗ್ಗೆಯೇ ಕೇಳುತ್ತಾರೆ, ಹದದ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಇಲ್ಲಿ ಹದದ ವಿಷಯಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಅಂಗಡಿಯಿಂದ ತಂದ ಮೊಟ್ಟೆ ಇಟ್ಟರೆ ಮರಿ ಬರುತ್ತದಾ?

ಬಿಳಿ ಫಾರಂ ಮೊಟ್ಟೆಯಿಂದ ಬರುವುದಿಲ್ಲ. ಲೇಯರ್ ಫಾರಂಗಳಲ್ಲಿ ಬರೀ ಹೇಂಟೆಗಳು ಪಂಜರದಲ್ಲಿರುತ್ತವೆ, ಹುಂಜವೇ ಇರುವುದಿಲ್ಲ. ಹುಂಜ ಇಲ್ಲದೆ ಇಟ್ಟ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಅದು ಕೊಳೆಯುತ್ತದೆ ಅಷ್ಟೇ.

ಸಂತೆಯ ನಾಟಿ ಮೊಟ್ಟೆಯಲ್ಲಿ ಜೀವ ಇರಬಹುದು. ಆದರೆ ಅದು ಎಷ್ಟು ದಿನದ್ದು, ಎಷ್ಟು ಹೊತ್ತು ಬಿಸಿಲಲ್ಲಿತ್ತು, ಬಸ್ಸಿನಲ್ಲಿ ಎಷ್ಟು ಕುಲುಕಿತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಫ್ರಿಜ್ಜಿನಲ್ಲಿ ದಿನಗಟ್ಟಲೆ ಇದ್ದ ಮೊಟ್ಟೆಯ ಮೇಲೂ ಆಸೆ ಇಟ್ಟುಕೊಳ್ಳಬೇಡಿ. ಹುಂಜ ಓಡಾಡಿಕೊಂಡಿರುವ ಮನೆಯಿಂದ ನೇರವಾಗಿ ತರುವುದೇ ಒಳ್ಳೆಯದು. ಎಂಟು ಹತ್ತು ಹೇಂಟೆಗೆ ಒಂದು ಗಟ್ಟಿಮುಟ್ಟಾದ ಹುಂಜ ಇದ್ದರೆ ಸಾಕು. ಹುಂಜವನ್ನು ಮಾರಿದ ಮೇಲೂ ಒಂದು ವಾರ, ಹತ್ತು ದಿನ ಜೀವದ ಮೊಟ್ಟೆ ಬರುತ್ತಿರುತ್ತದೆ.

ಮೊಟ್ಟೆಯನ್ನು ಎಷ್ಟು ದಿನ ಕೂಡಿಡಬಹುದು?

ಏಳು ದಿನ. ಹತ್ತರ ತನಕ ನಡೆಯುತ್ತದೆ, ಆಮೇಲೆ ದಿನ ಕಳೆದಂತೆ ಮರಿ ಬರುವುದು ಕಡಿಮೆಯಾಗುತ್ತದೆ. ಚೂಪು ತುದಿ ಕೆಳಗೆ ಮಾಡಿ, ಮನೆಯಲ್ಲೇ ಅತಿ ತಂಪಾದ ಮೂಲೆಯಲ್ಲಿ ಇಡಿ. 15ರಿಂದ 18 ಡಿಗ್ರಿ ಸೆಲ್ಸಿಯಸ್ ಸರಿಯಾದ ತಂಪು. ನಮ್ಮ ಬೇಸಿಗೆಯಲ್ಲಿ ಅದು ಸಿಗುವುದಿಲ್ಲ, ಅಲ್ವಾ? ಸೆಕೆಯಲ್ಲಿ ಇಟ್ಟ ಮೊಟ್ಟೆಯೊಳಗಿನ ಜೀವ ಅರ್ಧಂಬರ್ಧ ಬೆಳೆಯಲು ಶುರು ಮಾಡಿ ಸೊರಗುತ್ತದೆ. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಕೂಡಿಡದಿರುವುದು ಲೇಸು. ಹಳೆಯ ಮಡಕೆಯಲ್ಲಿ ಮರಳು ಹಾಕಿ, ಮರಳನ್ನು ತೇವ ಮಾಡಿ, ಮೇಲೆ ಬಟ್ಟೆ ಹಾಸಿ ಮೊಟ್ಟೆ ಇಟ್ಟರೆ ಹೊರಗಿನ ಸೆಕೆಗಿಂತ ಒಳಗೆ ತಂಪು.

ಮೊಟ್ಟೆಯನ್ನು ತೊಳೆಯಬೇಡಿ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ, ರೋಗಾಣು ಒಳಗೆ ಹೋಗದಂತೆ ತಡೆಯುವುದು ಅದೇ. ಹಿಕ್ಕೆ ಮೆತ್ತಿದ್ದನ್ನು, ಬಿರುಕು ಬಿಟ್ಟಿದ್ದನ್ನು, ತೀರಾ ದೊಡ್ಡ ಅಥವಾ ತೀರಾ ಚಿಕ್ಕ ಮೊಟ್ಟೆಯನ್ನು ಅಡುಗೆಮನೆಗೆ ಕಳಿಸಿ. ದೂರದಿಂದ ತಂದ ಮೊಟ್ಟೆಯನ್ನು ಕಾವಿಗೆ ಇಡುವ ಮುಂಚೆ ಒಂದು ರಾತ್ರಿ ಸುಮ್ನೆ ಬಿಡಿ.

ಮನೆಯಲ್ಲಿ ಕಾವು ಕೂತ ಕೋಳಿ ಇದೆ. ಆದರೂ ಪೆಟ್ಟಿಗೆ ಮಾಡಬೇಕಾ?

ಬೇಡವೇ ಬೇಡ. ಕಾವು ಕೂತ ನಾಟಿ ಹೇಂಟೆಗಿಂತ ಒಳ್ಳೆಯ ಇನ್ಕ್ಯುಬೇಟರ್ ಇಲ್ಲ. ಕರೆಂಟು ಬೇಡ, ಅಳತೆ ಬೇಡ, ಮರಿ ಬಂದ ಮೇಲೆ ಸಾಕುವ ಕೆಲಸವನ್ನೂ ಅದೇ ಮಾಡುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ಅಕ್ಕಪಕ್ಕದವರನ್ನು ಕೇಳಿ. ಬಂದ ಮರಿಯಲ್ಲಿ ಪಾಲು ಕೊಡುತ್ತೇನೆಂದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಗಿರಿರಾಜದಂಥ ಸುಧಾರಿತ ತಳಿಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಅವು ಕಾವಿಗೆ ಕೂರುವ ಗುಣವನ್ನೇ ಕಳೆದುಕೊಂಡಿವೆ. ಗಿರಿರಾಜನ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡಬಹುದು.

ಕಾವು ಬಂದ ಕೋಳಿ ಗೂಡು ಬಿಟ್ಟು ಏಳುವುದಿಲ್ಲ. ಪುಕ್ಕ ಕೆದರಿಕೊಂಡು, ಗಂಟಲಲ್ಲೇ ಕೊರ್ ಕೊರ್ ಎನ್ನುತ್ತಾ, ಕೈ ಚಾಚಿದರೆ ಕುಕ್ಕಲು ಬರುತ್ತದೆ. ಎದೆಯ ಕೆಳಗೆ ಮುಟ್ಟಿ ನೋಡಿದರೆ ಪುಕ್ಕ ಉದುರಿ ಚರ್ಮ ಬೆಚ್ಚಗೆ ತಗಲುತ್ತದೆ. ಬಿದಿರು ಬುಟ್ಟಿಗೆ ಒಣಹುಲ್ಲು ಹಾಸಿ, ಹೇನಾಗದಂತೆ ತಳಕ್ಕೆ ಸ್ವಲ್ಪ ಒಲೆಬೂದಿ ಮತ್ತು ಬೇವಿನ ಸೊಪ್ಪು ಹಾಕಿ. ಕಾವಿನ ಕೋಳಿಗೆ ಹೇನು ಹತ್ತಿದರೆ ಅದು ಮೊಟ್ಟೆ ಬಿಟ್ಟು ಎದ್ದುಬಿಡುತ್ತದೆ, ಇದನ್ನು ಹಗುರವಾಗಿ ಎಣಿಸಬೇಡಿ. ಕೋಳಿಯ ಗಾತ್ರ ನೋಡಿ 10ರಿಂದ 12 ಮೊಟ್ಟೆ ಸಾಕು. ರೆಕ್ಕೆಯಿಂದ ಹೊರಗೆ ಒಂದು ಮೊಟ್ಟೆ ಕಂಡರೂ ಜಾಸ್ತಿಯಾಯಿತು ಎಂದೇ ಅರ್ಥ. ಯಾಕೆಂದರೆ ಕೋಳಿ ಮೊಟ್ಟೆಗಳನ್ನು ಒಳಗೂ ಹೊರಗೂ ಸರಿಸುತ್ತಲೇ ಇರುತ್ತದೆ, ಆಗ ಒಂದಾದ ಮೇಲೊಂದು ತಣ್ಣಗಾಗುತ್ತವೆ.

ಜಾಗ ಬದಲಿಸುವುದಿದ್ದರೆ ರಾತ್ರಿ ಬದಲಿಸಿ. ಎಲ್ಲ ಮೊಟ್ಟೆಯನ್ನೂ ಒಂದೇ ದಿನ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿ. ಬೇರೆ ಹೇಂಟೆ ಬಂದು ಅಲ್ಲೇ ಇಟ್ಟುಹೋದ ಮೊಟ್ಟೆಯನ್ನು ಸಂಜೆ ತೆಗೆದುಬಿಡಿ. ಕೋಳಿ ದಿನಕ್ಕೊಮ್ಮೆ ಎದ್ದು, ತಿಂದು, ನೀರು ಕುಡಿದು, ಮಣ್ಣಾಡಿ ಬರುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಮೊಟ್ಟೆ ಬರಿದಾಗಿದ್ದರೆ ಏನೂ ಆಗುವುದಿಲ್ಲ.

ಪೆಟ್ಟಿಗೆಗೆ ಏನೇನು ಬೇಕು?

ಮೀನು ಅಥವಾ ಔಷಧಿ ಬರುವ ದಪ್ಪ ಥರ್ಮಾಕೋಲ್ ಡಬ್ಬ. ಎರಡು ಫಿಲಮೆಂಟ್ ಬಲ್ಬ್, 25 ಅಥವಾ 40 ವ್ಯಾಟಿನವು. ಎರಡು ಯಾಕೆಂದರೆ ನಡುರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಇರುತ್ತದೆ. ಪಿಂಗಾಣಿ ಹೋಲ್ಡರ್. ಡಿಜಿಟಲ್ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿಕೊಂಡು ಬಲ್ಬನ್ನು ತಾನೇ ಹಾಕಿ ಆರಿಸುವ ಸಾಧನ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಮತ್ತು ಅದಕ್ಕೊಂದು ಅಡಾಪ್ಟರ್. ತೇವಾಂಶ ತೋರಿಸುವ ಥರ್ಮಾಮೀಟರ್. ಅಗಲ ಬಾಯಿಯ ತಟ್ಟೆ. ಮೊಟ್ಟೆ ಕೂರಿಸಲು ಜಾಲರಿ. ಮುಚ್ಚಳದಲ್ಲಿ ಒಂದು ಕಡೆ ಕತ್ತರಿಸಿ ಗಾಜು ಅಂಟಿಸಿ, ಇಲ್ಲದಿದ್ದರೆ ನೋಡುವ ಆಸೆಗೆ ದಿನವಿಡೀ ಮುಚ್ಚಳ ತೆಗೆಯುತ್ತೀರಿ.

ಗಾಳಿ ಆಡಲು ಕೆಳಗೆ ಎರಡು, ಮೇಲೆ ಎರಡು ಪೆನ್ನಿನ ಗಾತ್ರದ ತೂತು ಇರಲಿ. ಮೊಟ್ಟೆಯೊಳಗಿನ ಜೀವವೂ ಉಸಿರಾಡುತ್ತದೆ. ಕೊನೆಯ ವಾರ ಅದಕ್ಕೆ ಗಾಳಿ ಇನ್ನೂ ಜಾಸ್ತಿ ಬೇಕು.

ಥರ್ಮಾಕೋಲ್ ಬಹಳ ಬೇಗ ಕರಗುತ್ತದೆ, ಬೆಂಕಿಯೂ ಹಿಡಿಯುತ್ತದೆ. ಬಲ್ಬಿಗೂ ಗೋಡೆಗೂ ನಡುವೆ ಒಂದು ಗೇಣಾದರೂ ಅಂತರ ಇರಲಿ, ಬಲ್ಬಿನ ಸುತ್ತ ಜಾಲರಿ ಹಾಕಿ. ಒಳಗೆ ನೀರೂ ಇದೆ, ಕರೆಂಟೂ ಇದೆ. ಬರಿಗಂಟಿನ ವೈರಿಂಗ್ ಮಾಡಿ ಟೇಪು ಸುತ್ತಿ ಬಿಡಬೇಡಿ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಮಕ್ಕಳಿರುವ ಮನೆಯಲ್ಲಿ ಈ ಮಾತು ಎರಡು ಸಲ ಓದಿ.

ಎಲ್‌ಇಡಿ ಬಲ್ಬ್ ಹಾಕಬಹುದಾ?

ಆಗುವುದಿಲ್ಲ. ನಮಗೆ ಬೇಕಿರುವುದು ಬಿಸಿ, ಬೆಳಕಲ್ಲ. ಹಳೆಯ ಗುಂಡು ಬಲ್ಬೇ ಬೇಕು. ಸಿಗದಿದ್ದರೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಬೆಳಕು ಕೊಡದ ಸೆರಾಮಿಕ್ ಹೀಟರ್ ಸಿಗುತ್ತದೆ.

ಎಷ್ಟು ಬಿಸಿ ಇರಬೇಕು?

ಫ್ಯಾನ್ ಇದ್ದರೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.3ರಿಂದ 38.8. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ ನಿಂತು ಮೊಟ್ಟೆಯ ಕೆಳಭಾಗ ತಂಪಾಗಿರುತ್ತದೆ, ಅದಕ್ಕೆ ಈ ವ್ಯತ್ಯಾಸ.

ಅಂಕಿ ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಅಳೆಯುವುದರಲ್ಲಿ. ಅಗ್ಗದ ಥರ್ಮಾಮೀಟರುಗಳು ಒಂದು ಡಿಗ್ರಿ ಸುಳ್ಳು ಹೇಳುವುದು ಮಾಮೂಲು, ಕಾವಿನಲ್ಲಿ ಒಂದು ಡಿಗ್ರಿ ಅಂದರೆ ಬಹಳ ಆಯಿತು. ಮನೆಯಲ್ಲಿರುವ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸಾಮಾನ್ಯವಾಗಿ ನಂಬಿಕಸ್ತ. ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅದರ ತುದಿಯನ್ನೂ ಥರ್ಮೋಸ್ಟಾಟಿನ ಸೆನ್ಸರನ್ನೂ ಒಟ್ಟಿಗೆ ಅದ್ದಿ ಹಿಡಿಯಿರಿ. ಜ್ವರದ್ದು 99.5 ಫ್ಯಾರನ್‌ಹೀಟ್ ತೋರಿಸಿದಾಗ ಸೆನ್ಸರ್ 37.5 ಅನ್ನಬೇಕು. 36.8 ಅಂದರೆ ನಿಮ್ಮ ಸೆನ್ಸರ್ 0.7 ಕಡಿಮೆ ತೋರಿಸುತ್ತಿದೆ ಎಂದಾಯಿತು, ಅಷ್ಟನ್ನು ಲೆಕ್ಕಕ್ಕೆ ಹಿಡಿದೇ ಸೆಟ್ ಮಾಡಿ. ಐದು ನಿಮಿಷದ ಈ ಕೆಲಸ ಮಾಡದೆ ಮೊಟ್ಟೆ ಇಡಲೇಬೇಡಿ.

ಸೆನ್ಸರ್ ಮೊಟ್ಟೆಗಳ ನಡುವೆ, ಅವುಗಳ ಮಟ್ಟದಲ್ಲೇ ಇರಲಿ. ಬಲ್ಬಿನ ನೇರಕ್ಕೆ ಬೇಡ. ಪೆಟ್ಟಿಗೆಯನ್ನು ಖಾಲಿಯಾಗಿ ಒಂದು ಹಗಲು, ಒಂದು ರಾತ್ರಿ ಓಡಿಸಿ ನೋಡಿ. ಮಧ್ಯಾಹ್ನವೂ ಬೆಳಗಿನ ಜಾವವೂ ಹದ ನಿಂತರೆ ಮಾತ್ರ ಮೊಟ್ಟೆ ಒಳಗೆ ಹೋಗಲಿ. ಮೊಟ್ಟೆ ಇಟ್ಟ ಕೂಡಲೇ ಬಿಸಿ ಇಳಿಯುತ್ತದೆ, ಗಾಬರಿಯಾಗಿ ಹೆಚ್ಚಿಸಬೇಡಿ, ಕೆಲವು ಗಂಟೆಯಲ್ಲಿ ತಾನೇ ಏರುತ್ತದೆ.

ಸ್ವಲ್ಪ ತಂಪಾದರೆ ಮರಿ ತಡವಾಗುತ್ತದೆ. ಬಿಸಿ ಜಾಸ್ತಿಯಾದರೆ ಸಾಯುತ್ತದೆ. 40ರ ಮೇಲೆ ಕೆಲವು ಗಂಟೆ ಹೋದರೆ ಪೂರ್ತಿ ಪೆಟ್ಟಿಗೆ ಕೈಬಿಟ್ಟು ಹೋಗಬಹುದು. ಎರಡನೇ ವಾರದ ನಂತರ ಮೊಟ್ಟೆಯೊಳಗಿನ ಮರಿಯೂ ಬಿಸಿ ಹುಟ್ಟಿಸುತ್ತದೆ, ಆಗ ಒಂದು ಕಣ್ಣು ಜಾಸ್ತಿ ಇರಲಿ. ಇನ್ನೊಂದು ವಿಷಯವನ್ನು ಬಯಲುಸೀಮೆಯವರು ಗಮನಿಸಬೇಕು: ನಮ್ಮ ಥರ್ಮೋಸ್ಟಾಟ್ ಬಲ್ಬ್ ಆರಿಸಬಲ್ಲದು, ತಣ್ಣಗೆ ಮಾಡಲಾರದು. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ಕೋಣೆಯೇ 40 ಮುಟ್ಟಿದರೆ ಪೆಟ್ಟಿಗೆ ಏನೂ ಮಾಡುವುದಿಲ್ಲ. ಅಲ್ಲಿ ಮರಿ ಮಾಡಿಸುವುದಕ್ಕೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಒಳ್ಳೆಯದು.

ಅಳತೆಯೇ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದರು ಎಂದು ಕೆಲವರು ಕೇಳುತ್ತಾರೆ. ಈಜಿಪ್ಟಿನಲ್ಲಿ ಸಾವಿರಾರು ವರ್ಷದಿಂದ ಮಣ್ಣಿನ ಇಟ್ಟಿಗೆಯ ದೊಡ್ಡ ಗೂಡುಗಳಲ್ಲಿ ಮರಿ ಮಾಡಿಸುತ್ತಾರೆ. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿಯೇ ಹದ ಹೇಳುತ್ತಿದ್ದರು. ತಲೆಮಾರುಗಳ ಅಭ್ಯಾಸ ಅದು. ನಾವು ಥರ್ಮಾಮೀಟರನ್ನೇ ನಂಬೋಣ.

ತೇವಾಂಶ ಎಷ್ಟಿರಬೇಕು?

ಮೊದಲ 18 ದಿನ ಶೇ. 50ರ ಆಸುಪಾಸು, ಕೊನೆಯ ಮೂರು ದಿನ ಶೇ. 65ರಿಂದ 70. ತೇವ ಹೆಚ್ಚು ಮಾಡಬೇಕಾದರೆ ತಟ್ಟೆಯ ಬಾಯಿ ಅಗಲವಾಗಬೇಕು, ಆಳ ಹೆಚ್ಚಿದರೆ ಪ್ರಯೋಜನವಿಲ್ಲ. ಒಂದು ಸ್ಪಂಜು ಅರ್ಧ ಮುಳುಗಿಸಿ ನಿಲ್ಲಿಸಿದರೂ ಆಗುತ್ತದೆ. ನೀರು ಹಾಕುವಾಗ ಬೆಚ್ಚಗಿನದ್ದೇ ಹಾಕಿ.

ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಮೊದಲ 18 ದಿನ ತಟ್ಟೆಯೇ ಬೇಡವಾಗಬಹುದು. ತೇವ ಅತಿಯಾದರೆ ಮೊಟ್ಟೆಯಿಂದ ನೀರಿನ ಅಂಶ ಆರುವುದಿಲ್ಲ, ಒಳಗಿನ ಗಾಳಿಗೂಡು ಚಿಕ್ಕದಾಗೇ ಉಳಿಯುತ್ತದೆ. ಮರಿ ಮೊದಲ ಉಸಿರು ತೆಗೆದುಕೊಳ್ಳುವುದು ಆ ಗಾಳಿಗೂಡಿನಿಂದಲೇ. ಪೂರ್ತಿ ಬೆಳೆದ ಮರಿ ಒಡೆಯದೆ ಒಳಗೇ ಸತ್ತಿದ್ದರೆ ಬಹಳ ಸಲ ಇದೇ ಕಾರಣ.

ತೇವಾಂಶದ ಮೀಟರನ್ನೂ ಪರೀಕ್ಷಿಸಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಟ್ಟಿ ಹಿಟ್ಟಿನಂತಾಗುವಷ್ಟು ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಶೇ. 75 ತೋರಿಸಬೇಕು.

ದಿನಕ್ಕೆ ಎಷ್ಟು ಸಲ ತಿರುಗಿಸಬೇಕು?

ಕಡಿಮೆ ಎಂದರೆ ಮೂರು ಸಲ, ಐದು ಸಲ ಆದರೆ ಇನ್ನೂ ಒಳ್ಳೆಯದು. ಮೂರು, ಐದು ಎಂದು ಬೆಸ ಲೆಕ್ಕ ಯಾಕೆಂದರೆ ದೀರ್ಘವಾದ ರಾತ್ರಿಯನ್ನು ಮೊಟ್ಟೆ ದಿನಾ ಒಂದೇ ಮಗ್ಗುಲಲ್ಲಿ ಕಳೆಯಬಾರದು. ಒಂದು ಕಡೆ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ ಬರೆದುಕೊಂಡರೆ ಗೊಂದಲ ಇರುವುದಿಲ್ಲ. ತಿರುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಮೊದಲ ವಾರ ತಪ್ಪಿಸಿದರೆ ಪೆಟ್ಟು ಜಾಸ್ತಿ. ಕೈ ತೊಳೆದುಕೊಂಡು ಮುಟ್ಟಿ. 18ನೇ ದಿನಕ್ಕೆ ತಿರುಗಿಸುವುದು ಬಂದ್.

ಕರೆಂಟ್ ಹೋದರೆ?

ಒಂದೆರಡು ಗಂಟೆಗೆ ಏನೂ ಆಗದು, ಮುಚ್ಚಳ ಮಾತ್ರ ತೆಗೆಯಬೇಡಿ. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿತೂತು ಮುಚ್ಚದಂತೆ. ಅದಕ್ಕಿಂತ ಜಾಸ್ತಿ ಹೊತ್ತಾದರೆ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲ ತೊಡಿಸಿ ಒಳಗಿಡಿ, ಮೊಟ್ಟೆಗೆ ತಾಗಬಾರದು. ತಣ್ಣಗಾದಂತೆ ಬದಲಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಈ ಎರಡು ಬಲ್ಬು ಅದಕ್ಕೆ ಲೆಕ್ಕವೇ ಅಲ್ಲ, ಮೊದಲೇ ಆ ಲೈನಿಗೆ ಕೊಟ್ಟುಬಿಡಿ. ಅರ್ಧ ರಾತ್ರಿ ಕರೆಂಟ್ ಇರಲಿಲ್ಲ ಎಂದು ಎಲ್ಲ ಮೊಟ್ಟೆ ಎಸೆಯಲು ಹೋಗಬೇಡಿ. ಎರಡು ಮೂರು ದಿನ ಕಾವು ಮುಂದುವರಿಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ತೀರ್ಮಾನ ಮಾಡಿ. ಆ ಜೀವ ನಾವು ಅಂದುಕೊಂಡಷ್ಟು ಮೆತ್ತಗಿಲ್ಲ.

ಮೊಟ್ಟೆಯೊಳಗೆ ಜೀವ ಇದೆಯಾ ಎಂದು ನೋಡುವುದು ಹೇಗೆ?

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಏಳನೇ ದಿನ ಚೆನ್ನಾಗಿ ಕಾಣುತ್ತದೆ. ಕೆಂಪು ನರಗಳು ಜೇಡನ ಕಾಲಿನಂತೆ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ. ಅದು ಕಣ್ಣು. ಅಲುಗಾಡಿಸದೆ ಕ್ಷಣ ಹೊತ್ತು ಕಾದರೆ ಆ ಚುಕ್ಕೆ ತೂಗಿದಂತೆ ಆಚೀಚೆ ಆಡುವುದು ಕಾಣುತ್ತದೆ. ಮಕ್ಕಳಿಗೆ ತಪ್ಪದೇ ತೋರಿಸಿ.

ನರವೇ ಇಲ್ಲದೆ ಹಳದಿಯಾಗಿ ಹೊಳೆದರೆ ಜೀವವಿಲ್ಲದ ಮೊಟ್ಟೆ. ಒಳಗೆ ಕೆಂಪು ಉಂಗುರ ಮಾತ್ರ ಕಂಡರೆ ಶುರುವಾಗಿ ಸತ್ತಿದೆ. ಅನುಮಾನ ಇದ್ದರೆ ಹತ್ತನೇ ದಿನ ಇನ್ನೊಮ್ಮೆ ನೋಡಿ. ಕಂದು ಸಿಪ್ಪೆಯಲ್ಲಿ ಮಸುಕಾಗಿ ಕಾಣುತ್ತದೆ. ವಾಸನೆ ಬರುವ, ರಸ ಜಿನುಗುವ ಮೊಟ್ಟೆಯನ್ನು ತಕ್ಷಣ ತೆಗೆಯಿರಿ. ಅದು ಒಳಗೇ ಒಡೆದರೆ ಉಳಿದವಕ್ಕೂ ಸೋಂಕು ತಗಲುತ್ತದೆ.

ಕೊನೆಯ ಮೂರು ದಿನ ಏನು ಮಾಡಬೇಕು?

ದಿನ ಎಣಿಸುವುದು ಸುಲಭ: ಶನಿವಾರ ಸಂಜೆ ಇಟ್ಟರೆ ಮೂರನೇ ಶನಿವಾರ ಸಂಜೆಗೆ 21 ದಿನ. ಅದರ ಹಿಂದಿನ ಬುಧವಾರ ಮೊಟ್ಟೆಗಳನ್ನು ಅಡ್ಡ ಮಲಗಿಸಿ, ಕೆಳಗೆ ಒರಟು ಬಟ್ಟೆ ಹಾಸಿ, ನೀರಿನ ತಟ್ಟೆ ದೊಡ್ಡದು ಮಾಡಿ, ಮುಚ್ಚಳ ಹಾಕಿ. ಆಮೇಲೆ ತೆಗೆಯಬೇಡಿ. ತೆಗೆದರೆ ತೇವ ಹಾರಿಹೋಗಿ ಒಳಪೊರೆ ಒಣಗುತ್ತದೆ, ಮರಿ ಅದರಲ್ಲೇ ಸುತ್ತಿಕೊಂಡು ಸಿಕ್ಕಿಬೀಳುತ್ತದೆ.

ಮೊದಲು ಮರಿ ಗಾಳಿಗೂಡಿಗೆ ಕೊಕ್ಕು ಹಾಕುತ್ತದೆ, ಆಗ ಒಳಗಿನಿಂದಲೇ ಚೀಂವ್ ಎನ್ನುವ ಸದ್ದು ಬರುತ್ತದೆ. ಆಮೇಲೆ ಸಿಪ್ಪೆಯಲ್ಲಿ ಸಣ್ಣ ನಕ್ಷತ್ರದಂಥ ಬಿರುಕು. ಆಮೇಲೆ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಎಲ್ಲರೂ ಕಂಗಾಲಾಗುವುದು ಇಲ್ಲೇ. ಮರಿ ಆಗ ಸುಮ್ಮನಿಲ್ಲ. ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನರಗಳಲ್ಲಿರುವ ರಕ್ತವನ್ನು ಮೈಗೆ ಸೇರಿಸಿಕೊಳ್ಳುತ್ತಿರುತ್ತದೆ. ಅದೆಲ್ಲ ಮುಗಿದ ಮೇಲೆ ದಪ್ಪ ತುದಿಯ ಸುತ್ತ ಗೆರೆ ಕೊರೆದು, ಕಾಲಲ್ಲಿ ಒದ್ದು ಹೊರಬರುತ್ತದೆ. ಮೊದಲ ಬಿರುಕಿನಿಂದ ಹೊರಬರುವವರೆಗೆ 12ರಿಂದ 24 ಗಂಟೆ ಹಿಡಿಯುವುದು ಸಹಜ.

ಮರಿ ಒದ್ದಾಡುತ್ತಿದೆ. ಸಿಪ್ಪೆ ಬಿಡಿಸಬಹುದಾ?

24 ಗಂಟೆ ತುಂಬುವ ಮುಂಚೆ ಕೈ ಹಾಕಬೇಡಿ. ಬೇಗ ಬಿಡಿಸಿದರೆ ರಕ್ತ ಸುರಿಯುತ್ತದೆ, ಹಳದಿ ಹೊರಗೇ ಉಳಿಯುತ್ತದೆ, ಮರಿ ಉಳಿಯುವುದಿಲ್ಲ. ಅಷ್ಟು ಹೊತ್ತಾದರೂ ಬಿರುಕು ಬೆಳೆಯದೆ, ಪೊರೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ತೇವ ಮಾಡಿ, ಬಿರುಕಿನ ಸುತ್ತ ಸ್ವಲ್ಪ ಸಿಪ್ಪೆ ತೆಗೆಯಿರಿ. ಒಂದು ಹನಿ ರಕ್ತ ಕಂಡರೂ ನಿಲ್ಲಿಸಿ, ವಾಪಸ್ ಇಡಿ. ಕೊನೆಯ ಒದೆತವನ್ನು ಮರಿಗೇ ಬಿಡಿ.

21 ದಿನ ಕಳೆಯಿತು, ಒಂದೂ ಒಡೆದಿಲ್ಲ.

23ನೇ ದಿನದವರೆಗೆ ಕಾಯಿರಿ. ಬಿಸಿ ಅರ್ಧ ಡಿಗ್ರಿ ಕಡಿಮೆ ಇದ್ದರೂ ಇಷ್ಟು ತಡವಾಗುತ್ತದೆ.

ಗುಡುಗಿದರೆ ಮೊಟ್ಟೆ ಹಾಳಾಗುತ್ತದಂತೆ, ಉದ್ದ ಮೊಟ್ಟೆಯಲ್ಲಿ ಹುಂಜ ಬರುತ್ತದಂತೆ. ನಿಜವಾ?

ಗುಡುಗಿಗೆ ಹೆದರಿ ಬುಟ್ಟಿಯಲ್ಲಿ ಕಬ್ಬಿಣದ ಚೂರೋ ಇದ್ದಿಲೋ ಇಡುವುದು ಹಲವು ಕಡೆ ರೂಢಿ. ಗುಡುಗಿನ ಸದ್ದಿನಿಂದ ಮೊಟ್ಟೆಗೆ ಏನೂ ಆಗುವುದಿಲ್ಲ. ಗುಡುಗು ಮಳೆಯ ರಾತ್ರಿ ಕರೆಂಟು ಹೋಗುತ್ತದಲ್ಲ, ಪೆಟ್ಟಿಗೆ ಇಟ್ಟವರು ಅದಕ್ಕೆ ಹೆದರಬೇಕು. ಮೊಟ್ಟೆಯ ಆಕಾರಕ್ಕೂ ಹುಂಜ, ಹೇಂಟೆಗೂ ಸಂಬಂಧವಿಲ್ಲ. ಕೋಳಿಗಳಲ್ಲಿ ಮರಿಯ ಲಿಂಗ ನಿರ್ಧಾರವಾಗುವುದು ತಾಯಿಯ ಕಡೆಯಿಂದ, ಮೊಟ್ಟೆ ಇಡುವ ಮುಂಚೆಯೇ.

ವಿಡಿಯೋಗಳಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ, ಭತ್ತದ ಹೊಟ್ಟಿನಲ್ಲಿ ಮರಿ ಮಾಡಿಸುತ್ತಾರೆ. ನಂಬಬಹುದಾ?

ಸಿಪ್ಪೆ ಇಲ್ಲದೆ ಮರಿ ಬೆಳೆಸುವ ವಿಧಾನವನ್ನು ಜಪಾನಿನವರು 2014ರಲ್ಲಿ ಪ್ರಕಟಿಸಿದ್ದು ನಿಜ. ಅದಕ್ಕೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಸಿಪ್ಪೆಯೊಳಗೇ ಕಾವು ಕೊಟ್ಟ ಮೊಟ್ಟೆ, ಕ್ಯಾಲ್ಸಿಯಂ ಪುಡಿ, ಕೊನೆಗೆ ಶುದ್ಧ ಆಕ್ಸಿಜನ್ ಎಲ್ಲ ಬೇಕು. ಮನೆಯಲ್ಲಿ ಮಾಡಬೇಡಿ, ಜೀವಗಳನ್ನು ಸುಮ್ನೆ ಕೊಂದಂತೆ.

ಹೊಟ್ಟಿನ ವಿಧಾನ ಬೇರೆ, ಅದು ಹಳೆಯದು ಮತ್ತು ಗಟ್ಟಿ. ಬಾಂಗ್ಲಾದೇಶದಲ್ಲಿ ಬಾತುಕೋಳಿ ಮೊಟ್ಟೆಗೆ ಬಳಸುತ್ತಾರೆ. ಬೆಚ್ಚಗೆ ಮಾಡಿದ ಮೊಟ್ಟೆಗಳನ್ನು ಹೊಟ್ಟು ತುಂಬಿದ ಬಿದಿರಿನ ಕೊಳವೆಗಳಲ್ಲಿ ಇಟ್ಟು, ಮುಂದೆ ಹಳೆಯ ಮೊಟ್ಟೆಗಳು ಹುಟ್ಟಿಸುವ ಬಿಸಿಯಲ್ಲೇ ಹೊಸ ಮೊಟ್ಟೆಗೆ ಕಾವು ಕೊಡುತ್ತಾರೆ. ನೂರಾರು ಮೊಟ್ಟೆ ಸತತವಾಗಿ ಬರುತ್ತಿದ್ದರೆ ಮಾತ್ರ ಅದು ನಡೆಯುತ್ತದೆ, ಹತ್ತು ಮೊಟ್ಟೆಗಲ್ಲ.

ಮರಿ ಬಂದ ಮೇಲೆ?

ಮೈ ಒಣಗಿ ಪುಕ್ಕ ಅರಳುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಹೊಟ್ಟೆಗೆ ಎಳೆದುಕೊಂಡ ಹಳದಿ ಎರಡು ದಿನಕ್ಕೆ ಸಾಕಾಗುತ್ತದೆ, ತಿನ್ನಿಸುವ ಆತುರ ಬೇಡ. ಆಮೇಲೆ ರಟ್ಟಿನ ಡಬ್ಬ, ಮೇಲೆ ಬಲ್ಬ್. ಮೊದಲ ವಾರ 35 ಡಿಗ್ರಿ, ಪ್ರತಿ ವಾರ ಮೂರು ಡಿಗ್ರಿಯಂತೆ ಇಳಿಸಿ. ಇಲ್ಲಿ ಥರ್ಮಾಮೀಟರಿಗಿಂತ ಮರಿಗಳನ್ನು ನೋಡಿ: ಬಲ್ಬಿನ ಕೆಳಗೆ ಒತ್ತಿಕೊಂಡಿದ್ದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದಿದ್ದರೆ ಸೆಕೆ. ನುಣುಪು ಪೇಪರ್ ಮೇಲೆ ಬಿಟ್ಟರೆ ಕಾಲು ಜಾರಿ ಅಗಲವಾಗುತ್ತದೆ, ಗೋಣಿಚೀಲ ಹಾಸಿ. ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿ, ಮುಳುಗಬಾರದು. ಮೇವಿಗೆ ಚಿಕ್ ಸ್ಟಾರ್ಟರ್, ಅಂದರೆ ಎಳೆ ಮರಿಗಳ ಸಿದ್ಧ ಆಹಾರ, ಒಳ್ಳೆಯದು, ಬರೀ ನುಚ್ಚಿನಲ್ಲಿ ಮರಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ.

ಕೊಕ್ಕರೆ ರೋಗದ ಲಸಿಕೆ, ಅಂದರೆ ಲಸೋಟಾ, 5ರಿಂದ 7ನೇ ದಿನದೊಳಗೆ ಕಣ್ಣಿಗೆ ಒಂದು ಹನಿ. ಗಂಬೊರೊ ಎಂಬ ಇನ್ನೊಂದು ರೋಗದ ಲಸಿಕೆ ಎರಡನೇ ವಾರದ ಕೊನೆಗೆ. ಒಂದು ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಅಕ್ಕಪಕ್ಕದವರೆಲ್ಲ ಸೇರಿ ಒಂದೇ ದಿನ ಹಾಕಿಸಿದರೆ ಖರ್ಚೂ ಉಳಿಯುತ್ತದೆ, ಬೀದಿಯ ಕೋಳಿಗಳೆಲ್ಲ ಉಳಿಯುತ್ತವೆ. ಐಸ್ ಹಾಕಿದ ಫ್ಲಾಸ್ಕಿನಲ್ಲೇ ತನ್ನಿ. ಮುಂದಿನ ಲಸಿಕೆಗಳ ದಿನಗಳನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಬಂದ ಮರಿಯಲ್ಲಿ ಹುಂಜ ಎಷ್ಟಿರುತ್ತದೆ?

ಹೆಚ್ಚುಕಡಿಮೆ ಅರ್ಧ. ಇದನ್ನು ಮೊಟ್ಟೆ ಇಡುವ ಮುಂಚೆಯೇ ಯೋಚಿಸಿ. ನಾಲ್ಕೈದು ತಿಂಗಳಾಗುವಾಗ ಬೆಳಗಿನ ಜಾವ ಕೂಗಲು ಶುರು ಮಾಡುತ್ತವೆ, ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ, ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗುತ್ತದೆ. ಸೈಟಿನ ಮನೆಯವರಾದರೆ ಪಕ್ಕದವರ ನಿದ್ದೆಯ ಪ್ರಶ್ನೆಯೂ ಇದೆ. ಮೂರನೇ ತಿಂಗಳ ಹೊತ್ತಿಗೆ ಜುಟ್ಟು ಕೆಂಪಾಗಿ ಹುಂಜಗಳ ಗುರುತು ಸಿಗುತ್ತದೆ. ಚೆನ್ನಾಗಿರುವ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬೇರೆ ಗೂಡಿಗೆ ಹಾಕಿ. ಉಳಿಸಿಕೊಳ್ಳುವ ಹುಂಜ ಇದೇ ಮರಿಗಳ ಒಡಹುಟ್ಟು ಆಗಿದ್ದರೆ ಇನ್ನೊಂದು ಮನೆಯ ಹುಂಜದ ಜೊತೆ ಅದಲು ಬದಲು ಮಾಡಿಕೊಳ್ಳಿ. ಒಂದೇ ರಕ್ತದೊಳಗೆ ಮತ್ತೆ ಮತ್ತೆ ಮರಿ ಮಾಡಿಸಿದರೆ ಮೊಟ್ಟೆಯಲ್ಲಿ ಜೀವ ಕಡಿಮೆಯಾಗುತ್ತಾ ಬರುತ್ತದೆ.